ಸಾಮಾನ್ಯ ಪದಕ್ಕೆ ಡಾಟ್‌ಕಾಮ್ ಸೇರಿಸಿದರೆ ಟ್ರೇಡ್‌ಮಾರ್ಕ್ ಸಿಗಬೇಕೇ?

ಪರ

ಬುಕಿಂಗ್ ಎಂಬ ಪದ ಯಾರ ಸ್ವತ್ತೂ ಅಲ್ಲ. ಆದರೆ ಬುಕಿಂಗ್.ಕಾಮ್ ಎಂದೊಡನೆ ಪ್ರವಾಸ ಹೊರಟವರ ಮನಸ್ಸಿಗೆ ಬರುವುದು ಆಮ್‌ಸ್ಟರ್‌ಡ್ಯಾಮ್‌ನ ಒಂದು ಕಂಪನಿ ಮಾತ್ರ. ಸಾಮಾನ್ಯ ಪದಕ್ಕೆ ಡಾಟ್‌ಕಾಮ್ ಅಂಟಿಸಿದರೂ ಅದು ಸಾಮಾನ್ಯ ಪದವಾಗಿಯೇ ಉಳಿಯುತ್ತದೆ ಎಂದು ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿ ಈ ಹೆಸರಿನ ನೋಂದಣಿಯನ್ನು ನಿರಾಕರಿಸಿತ್ತು. 2020ರ ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟ್ 8–1ರ ಬಹುಮತದಿಂದ ಈ ನಿಲುವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದ ತೀರ್ಪಿನ ತಿರುಳು ಸರಳವಾಗಿದೆ: ಒಂದು ಹೆಸರು ಸಾಮಾನ್ಯವೋ ಅಲ್ಲವೋ ಎಂಬುದನ್ನು ನಿರ್ಧರಿಸುವವರು ಗ್ರಾಹಕರು. ‘ನಿಮಗೆ ಇಷ್ಟವಾದ ಬುಕಿಂಗ್.ಕಾಮ್ ಯಾವುದು’ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಆ ಹೆಸರಿನಲ್ಲಿ ಇರುವುದು ಒಂದೇ. ಕಂಪನಿ ಸಲ್ಲಿಸಿದ ಸಮೀಕ್ಷೆಯಲ್ಲಿ ಶೇ 74.8ರಷ್ಟು ಜನ ಅದನ್ನು ಬ್ರ್ಯಾಂಡ್ ಎಂದೇ ಗುರುತಿಸಿದ್ದರು.

ಹೀಗೆ ಜನಮನದಲ್ಲಿ ನೆಲೆನಿಂತ ಹೆಸರಿಗೆ ರಕ್ಷಣೆ ಇಲ್ಲವೆಂದರೆ ನಷ್ಟ ಕಂಪನಿಗಷ್ಟೇ ಅಲ್ಲ, ಅದನ್ನು ನಂಬಿ ಕಾರ್ಡ್ ಸಂಖ್ಯೆ ಕೊಡುವ ಗ್ರಾಹಕನಿಗೂ ಹೌದು. ನೌಕರಿ ಎಂಬುದು ನಿತ್ಯ ಬಳಕೆಯ ಪದ. ಆದರೂ ನೌಕ್ರಿ.ಕಾಮ್ ತಾಣದ ಹೆಸರಿಗೆ ಇಂಗ್ಲಿಷಿನ ಒಂದೇ ಒಂದು ‘ಎ’ ಅಕ್ಷರ ಸೇರಿಸಿ ಇನ್ನೊಬ್ಬರು ವಿಳಾಸ ಪಡೆದಿದ್ದಾಗ, 2002ರಲ್ಲಿ ದೆಹಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಡೊಮೈನ್ ಹೆಸರಿಗೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್‌ನಲ್ಲಿ ಆರಂಭವಾಗಿ, ಕರ್ನಾಟಕ ಹೈಕೋರ್ಟ್ ದಾಟಿ, 2004ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿದ ಸತ್ಯಂ ಇನ್ಫೋವೇ ಪ್ರಕರಣವೇ ಇಂದಿಗೂ ಆಧಾರ. ಡೊಮೈನ್ ಹೆಸರು ಕೇವಲ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು ಎಂದು ಅಲ್ಲಿ ತೀರ್ಮಾನವಾಯಿತು.

ಇನ್ನು ದುರ್ಬಳಕೆಯ ಭಯಕ್ಕೆ ಕಾನೂನಿನಲ್ಲೇ ತಡೆಗಳಿವೆ. ವರ್ಣನಾತ್ಮಕ ಪದದಿಂದ ಹುಟ್ಟಿದ ಗುರುತು ದುರ್ಬಲವಾದುದು, ಅದರ ರಕ್ಷಣೆಯ ವ್ಯಾಪ್ತಿ ಕಿರಿದು. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಇಂಥ ಹೆಸರನ್ನು ಮೊದಲು ನಿರಾಕರಿಸಿ, ಬಳಕೆಯಿಂದ ವಿಶಿಷ್ಟತೆ ಗಳಿಸಿದ್ದನ್ನು ತೋರಿಸಿದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. 30 ಮತ್ತು 35ನೇ ಕಲಂಗಳು ಸರಕನ್ನು ಪ್ರಾಮಾಣಿಕವಾಗಿ ವರ್ಣಿಸುವವರನ್ನು ಕಾಯುತ್ತವೆ, 34ನೇ ಕಲಂ ಮೊದಲಿನಿಂದ ಬಳಸುತ್ತಿದ್ದವರನ್ನು ಕಾಯುತ್ತದೆ. ಇಷ್ಟೆಲ್ಲ ಇದ್ದೂ, ದುಡಿದು ಕಟ್ಟಿದ ಹೆಸರನ್ನು ಅನಾಥವಾಗಿ ಬಿಡುವುದು ನ್ಯಾಯವಲ್ಲ.

ವಿರೋಧ

ಟ್ರೇಡ್‌ಮಾರ್ಕ್ ಇಲ್ಲದಿದ್ದರೂ ಡೊಮೈನ್ ಹೆಸರು ಅನಾಥವಾಗುವುದಿಲ್ಲ. ಅಂತರ್ಜಾಲದ ರಚನೆಯಲ್ಲೇ ಒಂದು ವಿಳಾಸಕ್ಕೆ ಒಬ್ಬನೇ ಒಡೆಯ, ಬುಕಿಂಗ್.ಕಾಮ್ ಅನ್ನು ಇನ್ನೊಬ್ಬ ಇಟ್ಟುಕೊಳ್ಳಲು ಸಾಧ್ಯವೇ ಇಲ್ಲ. ಪಡಿಯಚ್ಚಿನಂಥ ತಾಣ ಕಟ್ಟಿ ಮೋಸ ಮಾಡುವವರ ಮೇಲೆ ದಾವೆ ಹೂಡಲು ನೋಂದಣಿಯೂ ಬೇಕಾಗಿಲ್ಲ. ಪರ ವಾದಕ್ಕೆ ಆಸರೆಯಾದ ಸತ್ಯಂ ಇನ್ಫೋವೇ ತೀರ್ಪು ಹೇಳಿದ್ದೇ ಅದನ್ನು. ಹಾಗಾದರೆ ಟ್ರೇಡ್‌ಮಾರ್ಕ್‌ನಿಂದ ಹೊಸದಾಗಿ ದಕ್ಕುವುದು ಏನು? ಅಕ್ಕಪಕ್ಕದ ವಿಳಾಸಗಳ ಮೇಲೆ ಕೈಹಾಕುವ ಬಲ. ಒಂಟಿಯಾಗಿ ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಅವರ ಕಳವಳ ಇದೇ ಆಗಿತ್ತು, ಮತ್ತು ನನ್ನ ದೃಷ್ಟಿಯಲ್ಲಿ ಆ ಪ್ರಕರಣದಲ್ಲಿ ಸರಿಯಾದ ಮಾತು ಅವರದೇ. ಸಾಮಾನ್ಯ ಪದದ ಕೊನೆಗೆ ‘ಕಂಪನಿ’ ಎಂದು ಸೇರಿಸಿದರೆ ಅದು ಗುರುತಾಗುವುದಿಲ್ಲ ಎಂದು 1888ರಲ್ಲೇ ಅದೇ ಕೋರ್ಟ್ ಹೇಳಿತ್ತು. ಡಾಟ್‌ಕಾಮ್‌ಗೆ ಬೇರೆ ನಿಯಮ ಏಕೆ ಎಂದು ಅವರು ಕೇಳಿದರು. ಸಮೀಕ್ಷೆಯ ಇನ್ನೊಂದು ಉತ್ತರವನ್ನೂ ನೋಡಬೇಕು. ಅದರಲ್ಲಿ ವಾಷಿಂಗ್‌ಮೆಷಿನ್.ಕಾಮ್ ಎಂಬ ಹೆಸರನ್ನೂ ತೋರಿಸಲಾಗಿತ್ತು. ಶೇ 33ರಷ್ಟು ಜನ ಅದನ್ನೂ ಬ್ರ್ಯಾಂಡ್ ಎಂದರು. ಡಾಟ್‌ಕಾಮ್ ಕಂಡರೆ ಸಾಕು, ಅದರ ಹಿಂದೆ ಯಾವುದೋ ಒಂದು ಸಂಸ್ಥೆ ಇದೆ ಎಂದು ಜನ ಊಹಿಸುತ್ತಾರೆ. ಆ ಊಹೆಯನ್ನು ವಿಶಿಷ್ಟತೆಯ ಪುರಾವೆ ಎನ್ನಲಾಗದು.

ಈಗ ಶಿರಸಿಯ ಒಬ್ಬ ಬೆಳೆಗಾರ ದಿನದ ಅಡಿಕೆ ಧಾರಣೆ ಹಾಕುವ ಸಣ್ಣ ತಾಣ ನಡೆಸುತ್ತಿದ್ದಾನೆ, ಅದರ ವಿಳಾಸದಲ್ಲಿ ‘ಅಡಿಕೆ ಧಾರಣೆ’ ಎಂಬ ಮಾತಿನ ಜೊತೆ ಊರಿನ ಹೆಸರಿದೆ ಎಂದಿಟ್ಟುಕೊಳ್ಳಿ. ದೊಡ್ಡ ಸಂಸ್ಥೆಯೊಂದು ‘ಅಡಿಕೆ ಧಾರಣೆ ಡಾಟ್‌ಕಾಮ್’ಗೆ ನೋಂದಣಿ ಪಡೆದ ಮೇಲೆ ಅವನಿಗೆ ಮೊದಲು ಬರುವುದು ಕೋರ್ಟಿನ ಸಮನ್ಸ್ ಅಲ್ಲ, ವಕೀಲರ ಪತ್ರ. ಅದರಲ್ಲಿ ನೋಂದಣಿ ಸಂಖ್ಯೆ ಇರುತ್ತದೆ, ವಿಳಾಸವನ್ನು ಬಿಟ್ಟುಕೊಡಲು ಗಡುವು ಇರುತ್ತದೆ, ತಪ್ಪಿದರೆ ಪರಿಹಾರದ ಬೆದರಿಕೆ ಇರುತ್ತದೆ. 30, 34, 35ನೇ ಕಲಂಗಳು ತನ್ನನ್ನು ಕಾಯುತ್ತವೆ ಎಂದು ಆ ಪತ್ರ ಅವನಿಗೆ ತಿಳಿಸುವುದಿಲ್ಲ. ಅವು ಕೆಲಸಕ್ಕೆ ಬರುವುದು ವಾದಿಸಲು ವಕೀಲನನ್ನು ಇಟ್ಟವನಿಗೆ. ತಾಣದಿಂದ ತಿಂಗಳಿಗೆ ನಾಲ್ಕು ಕಾಸು ಹುಟ್ಟದವನು ಬಿಟ್ಟುಕೊಟ್ಟು ಸುಮ್ಮನಾಗುತ್ತಾನೆ.

ಪತ್ರಕ್ಕೆ ಬಗ್ಗದವನ ಮುಂದೆ, ಡೊಮೈನ್ ಹೆಸರುಗಳ ಉಸ್ತುವಾರಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ ಐಕ್ಯಾನ್ 1999ರಲ್ಲಿ ಜಾರಿಗೆ ತಂದ ಯುಡಿಆರ್‌ಪಿ ಎಂಬ ವಿವಾದ ಇತ್ಯರ್ಥ ವ್ಯವಸ್ಥೆ ನಿಂತಿರುತ್ತದೆ. ದೂರುದಾರ ಮೂರು ಸಂಗತಿ ಸಾಬೀತುಪಡಿಸಬೇಕು: ವಿಳಾಸ ತನ್ನ ಗುರುತಿಗೆ ಗೊಂದಲವಾಗುವಷ್ಟು ಹತ್ತಿರವಿದೆ, ಅದರಲ್ಲಿ ಎದುರಾಳಿಗೆ ಹಕ್ಕು ಅಥವಾ ನ್ಯಾಯಸಮ್ಮತ ಹಿತಾಸಕ್ತಿ ಇಲ್ಲ, ಅದನ್ನು ದುರುದ್ದೇಶದಿಂದ ನೋಂದಾಯಿಸಿ ದುರುದ್ದೇಶದಿಂದಲೇ ಬಳಸಲಾಗುತ್ತಿದೆ. ನೋಂದಣಿ ಪತ್ರ ಕೈಯಲ್ಲಿದ್ದರೆ ಮೊದಲ ಮೆಟ್ಟಿಲು ಬಹುಪಾಲು ಹತ್ತಿದಂತೆಯೇ. ಇಂಥ ದೂರುಗಳನ್ನು ಆಲಿಸುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ (ವೈಪೋ) ಒಬ್ಬ ತೀರ್ಪುಗಾರನ ಮುಂದೆ ಐದು ವಿಳಾಸಗಳವರೆಗಿನ ದೂರಿಗೆ ಶುಲ್ಕ 1,500 ಡಾಲರ್. ಕಂಪನಿಗೆ ಅದು ಲೆಕ್ಕಕ್ಕಿಲ್ಲದ ಮೊತ್ತ, ಆದರೆ ಎದುರಾಳಿ 20 ದಿನಗಳೊಳಗೆ ಉತ್ತರ ಹೊಂದಿಸಬೇಕು. ಗುರುತು ಹುಟ್ಟುವ ಮೊದಲೇ ಪಡೆದ ವಿಳಾಸವಾದರೆ ತೀರ್ಪುಗಾರರು ಸಾಮಾನ್ಯವಾಗಿ ದೂರನ್ನು ತಳ್ಳಿಹಾಕುತ್ತಾರೆ, ನಿಜ. ಇದು ವಿಳಾಸ ಕಬಳಿಸುವ ಯತ್ನವೆಂದು ಅವರು ದಾಖಲಿಸಿದರೂ ದೂರುದಾರ ಒಂದು ಡಾಲರ್ ದಂಡ ತೆರಬೇಕಾಗಿಲ್ಲ. ನಮ್ಮ ಡಾಟ್‌ಇನ್ ವಿಳಾಸಗಳ ನೀತಿಯಲ್ಲಂತೂ ಮೂರನೆಯ ಷರತ್ತು ಇನ್ನೂ ಸಡಿಲ: ನೋಂದಣಿ ಅಥವಾ ಬಳಕೆ, ಎರಡರಲ್ಲಿ ಒಂದು ದುರುದ್ದೇಶದ್ದಾದರೂ ಸಾಕು.

ನಮ್ಮ ನ್ಯಾಯಾಲಯಗಳು ಈ ವಿಷಯದಲ್ಲಿ ವಿವೇಕದಿಂದ ನಡೆದುಕೊಂಡಿವೆ. ಸೆಕೆಂಡ್‌ಶಾದಿ.ಕಾಮ್ ವಿರುದ್ಧ ಶಾದಿ.ಕಾಮ್ ಕೇಳಿದ ತಡೆಯನ್ನು 2016ರಲ್ಲಿ ಬಾಂಬೆ ಹೈಕೋರ್ಟ್ ಕೊಡಲಿಲ್ಲ. ಬೆಂಗಳೂರಿನ ಫೋನ್‌ಪೇ ಕಂಪನಿ ಭಾರತ್‌ಪೇ ವಿರುದ್ಧ ಹೋದಾಗ, ‘ಪೇ’ ಎಂಬ ತುಣುಕಿನ ಮೇಲೆ ಏಕಸ್ವಾಮ್ಯ ಕೇಳಲಾಗದು ಎಂದು 2021ರಲ್ಲಿ ದೆಹಲಿ ಹೈಕೋರ್ಟ್ ತಡೆ ನಿರಾಕರಿಸಿತು. ಆದರೆ ಈ ತೀರ್ಪುಗಳನ್ನು ಪಡೆದವರೆಲ್ಲ ಹೈಕೋರ್ಟಿನವರೆಗೆ ಹೋಗುವಷ್ಟು ಹಣವಿದ್ದವರು. ಶಿರಸಿಯ ಬೆಳೆಗಾರನ ವಿವಾದ ಕೋರ್ಟಿನ ಮೆಟ್ಟಿಲು ಹತ್ತುವುದೇ ಇಲ್ಲ, ಆದ್ದರಿಂದ ಅವನ ಪರವಾಗಿ ತೀರ್ಪೂ ಹುಟ್ಟುವುದಿಲ್ಲ. ಅವನನ್ನು ಉಳಿಸುವ ಜಾಗ ಒಂದೇ, ಅದು ನೋಂದಣಿ ಕಚೇರಿಯ ಮೇಜು. ಸಾಮಾನ್ಯ ಪದಕ್ಕೆ ಡಾಟ್‌ಕಾಮ್ ಸೇರಿಸಿ ತಂದ ಅರ್ಜಿಯನ್ನು ಪರೀಕ್ಷಕರು ಅಲ್ಲೇ ತಿರಸ್ಕರಿಸಬೇಕು.