ಹೊಸ ಉಬುಂಟು ಬಂತಂತೆ, ದಾರಿ ಬಿಡಿ

ವಿಂಡೋಸಿನ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳುವ ಲಿನಕ್ಸ್ ಬಳಗದ್ದು ಉಬುಂಟು. 2025ರ ಅಕ್ಟೋಬರ್ 9ಕ್ಕೆ ಅದರ 25.10 ಆವೃತ್ತಿ ಬಂತು. ಐದೇ ದಿನಕ್ಕೆ, 14ರಂದು, ಮೈಕ್ರೋಸಾಫ್ಟು ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟಿತು. ಇದಕ್ಕಿಂತ ಒಳ್ಳೇ ಮುಹೂರ್ತವನ್ನು ಯಾವ ಜೋಯಿಸರೂ ತೆಗೆದುಕೊಡಲಾರರು. ಶಿವಮೊಗ್ಗದ ಲಿನಕ್ಸ್ ಭಕ್ತರಿಗೆ ಅವತ್ತಿನಿಂದ ನಿದ್ದೆಯಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇಲ್ಲದೆ ವಿಂಡೋಸ್ 11ರ ಹೊಸಿಲಲ್ಲೇ ನಿಂತ ಹಳೇ ಕಂಪ್ಯೂಟರುಗಳನ್ನೆಲ್ಲ ಉದ್ಧಾರ ಮಾಡಿಯೇ ತೀರುವುದೆಂದು, ಜೇಬಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ದುರ್ಗಿಗುಡಿಯಿಂದ ವಿನೋಬನಗರದವರೆಗೆ ಸುತ್ತುತ್ತಿದ್ದಾರೆ. ಎದುರು ಸಿಕ್ಕವರು ಬಾಯಿತಪ್ಪಿ "ಏನ್ ಸಮಾಚಾರ" ಅಂದರೋ, ಕೆಟ್ಟರು.

"ಕರ್ನಲ್ 6.17 ಮಾರಾಯ! ಗ್ನೋಮ್ 49! ಸುಡೊನೇ ರಸ್ಟ್‌ನಲ್ಲಿ ಬರ್ದು ಹಾಕಿದಾರೆ!"

ಕೇಳಿಸಿಕೊಂಡವರು ಹಾಲಿನ ಪ್ಯಾಕೆಟ್ ತರಲು ಹೊರಟವರು. ಹೌದಾ, ಒಳ್ಳೇದಾಯ್ತು, ಅನ್ನುತ್ತಾರೆ. ಮತ್ತೇನು ಅನ್ನಲಿಕ್ಕಾಗುತ್ತದೆ?

ಈ ಸಲದ ಹೆಸರು ಕ್ವೆಸ್ಟಿಂಗ್ ಕ್ವೊಕ್ಕಾ. ಕ್ವೊಕ್ಕಾ ಆಸ್ಟ್ರೇಲಿಯಾದ ಪುಟ್ಟ ಪ್ರಾಣಿ, ಹೊಟ್ಟೆಯಲ್ಲಿ ಮರಿಚೀಲ, ಮುಖದಲ್ಲಿ ಸದಾ ನಗು. 2004ರ ಅಕ್ಟೋಬರಿನ 4.10ರಿಂದಲೂ ಇದೇ ಪದ್ಧತಿ: ಒಂದು ಗುಣ, ಒಂದು ಪ್ರಾಣಿ, ಎರಡಕ್ಕೂ ಮೊದಲಕ್ಷರ ಒಂದೇ. 24.04ಕ್ಕೆ ಇಟ್ಟಿದ್ದು ನಂಬ್ಯಾಟ್ ಹೆಸರು. ಅದು ಗೆದ್ದಲು ತಿಂದು ಬದುಕುತ್ತದಂತೆ. ನಮ್ಮ ಚಿಪ್ಪುಹಂದಿಯೂ ಗೆದ್ದಲು ತಿನ್ನುವುದೇ, ಅದಕ್ಕೆ 2012ರ 12.04ರಲ್ಲಿ ಪ್ರಿಸೈಸ್ ಪ್ಯಾಂಗೋಲಿನ್ ಅಂತ ಒಮ್ಮೆ ಸರದಿ ಸಿಕ್ಕಿತ್ತು. ಪಾಪ, ಕಾಡುಪಾಪನಿಗೂ ಶರಾವತಿ ಕಣಿವೆಯ ಸಿಂಗಳೀಕಕ್ಕೂ ಕರೆಯೋಲೆ ಬಂದಿಲ್ಲ. 2007ರಲ್ಲಿ ಗಟ್ಸಿ ಗಿಬ್ಬನ್ ಅಂತ ಒಂದು ಬಂದಿತ್ತು, ಆದರೆ ಮಂಗನ ಜಾತಿಯ ಹೆಸರು ಹೇಳಿಕೊಂಡು ಹೊಸನಗರದ ಕಡೆ ಹೋದರೆ ಇನ್‌ಸ್ಟಾಲ್ ಮಾಡಿಸಿಕೊಳ್ಳುವುದಿರಲಿ, ತೋಟದವರು ಪಟಾಕಿ ಹಚ್ಚಿ ಓಡಿಸಿಯಾರು. ನ್ಯಾಯವಾಗಿ ಸಲ್ಲಬೇಕಾದದ್ದು ಉಂಬಳಕ್ಕೆ. ಎಲ್ ಅಕ್ಷರದ ಸರದಿ 23.04ಕ್ಕೆ ಬಂದಿತ್ತು, ಲಾಯಲ್ ಲೀಚ್ ಅಂತ ಎಷ್ಟು ಚೆಂದ ಕೂರುತ್ತಿತ್ತು! ಅದನ್ನು ಹೋಗಿ ಹೋಗಿ ಸಮುದ್ರದ ಸಿಗಡಿಯ ನೆಂಟನಿಗೆ, ಲಾಬ್‌ಸ್ಟರ್‌ಗೆ ಕೊಟ್ಟರು. ಆಗುಂಬೆಯಲ್ಲಿ ಕಾಲಿಗೆ ಹತ್ತಿದ ಉಂಬಳ ತೀರ್ಥಹಳ್ಳಿ ಬಂದರೂ ಬಿಡುವುದಿಲ್ಲ. ದೀರ್ಘಕಾಲದ ಬೆಂಬಲ ಅಂದರೆ ಅದು.

ಕ್ವೊಕ್ಕಾದ ಬೆಂಬಲ ಬರೀ ಒಂಬತ್ತು ತಿಂಗಳು. 2026ರ ಜುಲೈಗೆ, ಅಂದರೆ ಅಡಿಕೆಗೆ ಬೋರ್ಡೋ ಹೊಡೆಸುವ ಗಡಿಬಿಡಿಯಲ್ಲಿ, ಅದರ ಕತೆ ಮುಗಿಯಿತು. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್‌ಗೆ, ಅಂದರೆ ದೀರ್ಘ ಬೆಂಬಲದ ಆವೃತ್ತಿಗಾದರೆ, ಐದು ವರ್ಷ. ಬಿಲ್ಲು ಹೊಡೆಯುವ, ಲೆಕ್ಕ ಬರೆಯುವ ಮಷಿನ್ನಿಗೆ 24.04ರಂಥ ಎಲ್‌ಟಿಎಸ್ ಹಾಕಬೇಕು ಎಂಬುದು ಭಕ್ತರಿಗೆ ಚೆನ್ನಾಗಿ ಗೊತ್ತು. ತಮ್ಮ ಆಫೀಸಿನ ಮಷಿನ್ನಿಗೆ ಅದನ್ನೇ ಹಾಕಿಕೊಂಡಿರುತ್ತಾರೆ. ಒಂಬತ್ತು ತಿಂಗಳದ್ದು ಪಕ್ಕದ ಮನೆಯವರಿಗೆ.

ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳಬೇಕಾದ ಐಎಸ್‌ಒ ಕಡತ 5 ಜಿಬಿ ದಾಟುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನವರಿಗೆ ನಾಲ್ಕು ದಿನದ ವ್ರತ, ಅದೂ ಮೊಬೈಲು ಸಿಗ್ನಲ್ ಬರುವ ಗುಡ್ಡದ ನೆತ್ತಿಯಲ್ಲಿ ಕೂತು. ಕರೆಂಟ್ ಹೋಗಿ ಅರ್ಧಕ್ಕೆ ನಿಂತರೆ ಕಡತ ಇಳಿಸುವ ವಿಗೆಟ್ ಆಜ್ಞೆಗೆ ಮೈನಸ್ ಸಿ ಸೇರಿಸಿ, ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇಳಿಸಿಕೊಂಡ ಮೇಲೆ, ಕಡತ ಕೆಡದೆ ಬಂದಿದೆಯೇ ಎಂದು ತಿಳಿಯಲು, ಶಾ-256 ಮೊತ್ತ ತಾಳೆ ನೋಡಬೇಕು. ಒಂದು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ. ಆಮೇಲೆ ಇನ್‌ಸ್ಟಾಲ್ ಮುಕ್ಕಾಲು ಪಾಲಾದಾಗ, ಕೆಟ್ಟ ಕಡತವನ್ನು ಓದಲಾಗದೆ, ಸ್ಕ್ವಾಶ್‌ಎಫ್‌ಎಸ್ ಎರರ್ ಅಂತ ಬರುತ್ತದೆ, ರ‍್ಯಾಮ್ ಹಾಳಾಗಿದೆ ಎಂದು ತೀರ್ಪು ಕೊಟ್ಟು ಹೊಸ ರ‍್ಯಾಮ್ ತರಿಸುತ್ತಾರೆ. ಇನ್ನು ಪೆನ್‌ಡ್ರೈವ್‌ಗೆ ಬರೆಯಲು ಎಷ್ಟೋ ಸುಲಭದ ದಾರಿಗಳಿದ್ದರೂ ಗಂಡಸುತನಕ್ಕೆ ಡಿಡಿ ಎಂಬ ಆಜ್ಞೆಯೇ ಆಗಬೇಕು. ಮೊದಲು ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಯಾವ ಡಿಸ್ಕು ಎಷ್ಟು ದೊಡ್ಡದು ಅಂತ ನೋಡದೆ, ಪೆನ್‌ಡ್ರೈವಿನ ಎಸ್‌ಡಿಬಿ ಬದಲು ಹಾರ್ಡ್‌ಡಿಸ್ಕಿನ ಎಸ್‌ಡಿಎ ಒತ್ತಿ ಎಂಟರ್ ಹೊಡೆದರೆ ಮಗಳ ಮದುವೆ ಫೋಟೋ, ಸೊಸೈಟಿ ಲೆಕ್ಕ ಎಲ್ಲ ತುಂಗೆಯ ಪಾಲು. ಡಿಡಿ ಏನನ್ನೂ ಕೇಳುವುದಿಲ್ಲ. ಅದರ ಗುಣವೇ ಅದು.

ಈಗ ಆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವಿಚಾರ. ಹಳೇ ಕೋರ್‌ಯುಟಿಲ್ಸ್, ಅಂದರೆ ದಿನಬಳಕೆಯ ಸಣ್ಣಪುಟ್ಟ ಆಜ್ಞೆಗಳು, ದಶಕಗಳಿಂದ ಗೊಣಗದೆ ಗೇಯ್ದಿದ್ದವು. 25.10ರಲ್ಲಿ ಅವನ್ನು ಸರಿಸಿ, ಸುರಕ್ಷತೆಗಾಗಿ ರಸ್ಟ್‌ನಲ್ಲಿ ಹೊಸದಾಗಿ ಬರೆದವನ್ನು ಕೂರಿಸಿದರು. ಅದರಲ್ಲಿ ಡೇಟ್ ಅಂತ ಒಂದು ಆಜ್ಞೆ. ಮೈನಸ್ ಆರ್ ಹಾಕಿ ಕಡತದ ಹೆಸರು ಕೊಟ್ಟರೆ ಆ ಕಡತ ಕೊನೆಗೆ ಬದಲಾದದ್ದು ಯಾವಾಗ ಅಂತ ಹೇಳಬೇಕು. ಹೊಸ ಡೇಟು ಕಡತದ ಕಡೆ ಕಣ್ಣೆತ್ತಿಯೂ ನೋಡದೆ ಇವತ್ತಿನ ತಾರೀಖು, ಈಗಿನ ಗಂಟೆ ಹೇಳಿತು. ತಾನಾಗಿ ಅಪ್‌ಡೇಟ್ ಹುಡುಕುವ ಸ್ಕ್ರಿಪ್ಟು ಅದನ್ನು ನಂಬಿ, ಓ, ಈಗಷ್ಟೇ ನೋಡಿಯಾಗಿದೆ ಅಂದುಕೊಂಡು ಮಗ್ಗುಲು ಬದಲಿಸಿತು. ಮಾರನೇ ದಿನವೂ ಅದೇ. ಸುರಕ್ಷತೆಗೆಂದು ತಂದ ಡೇಟಿನಿಂದ ಎಷ್ಟೋ ಮಷಿನ್ನುಗಳಲ್ಲಿ ಸೆಕ್ಯುರಿಟಿ ಅಪ್‌ಡೇಟು ತಾನಾಗಿ ಬರುವುದೇ ನಿಂತಿತು. ಇದಕ್ಕೆ ಮದ್ದು ಬಂತು, ಬಂದದ್ದು ಅಪ್‌ಡೇಟ್ ರೂಪದಲ್ಲಿ! ಅಪ್‌ಡೇಟ್ ಹುಡುಕದ ಮಷಿನ್ನಿಗೆ. ಟರ್ಮಿನಲ್ ತೆರೆದು ಕೈಯಾರೆ ಸುಡೊ ಆಪ್ಟ್ ಅಪ್‌ಡೇಟ್, ಅದು ಮುಗಿದ ಮೇಲೆ ಸುಡೊ ಆಪ್ಟ್ ಅಪ್‌ಗ್ರೇಡ್ ಕೊಟ್ಟವರು ಬಚಾವು. ಇದನ್ನು ಹೇಳಿದರೆ ಭಕ್ತರು ಬೇಜಾರು ಮಾಡಿಕೊಳ್ಳುವುದಿಲ್ಲ. "ಎಷ್ಟು ಬೇಗ ಸರಿ ಮಾಡಿದ್ರು ನೋಡಿ" ಅನ್ನುತ್ತಾರೆ.

ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಗೆ ಈ ಕ್ವೊಕ್ಕಾವನ್ನು ಹೊತ್ತುಕೊಂಡು ಹೋಗಿ ನೋಡಿ. ವಾಲ್‌ಪೇಪರ್, ಕರ್ನಲ್ ಎಲ್ಲ ಕೇಳಿಸಿಕೊಂಡ ಮೇಲೆ ಅಂಗಡಿಯವರು ಕೇಳುವುದು ಎರಡೇ ಮಾತು: "ಸರ್, ಇದ್ರಲ್ಲಿ ನುಡಿ ಬರುತ್ತಾ? ಪ್ರಿಂಟರ್ ಓಡುತ್ತಾ?"

ಪ್ರಿಂಟರ್ ಅಂದರೆ ಊರೂರಿನ ಜೆರಾಕ್ಸ್ ಅಂಗಡಿಯಲ್ಲೂ ಇರುವ ಆ ಪುಟ್ಟ ಲೇಸರ್. ಪ್ರಿಂಟರುಗಳ ಸಾಮಾನ್ಯ ಭಾಷೆಗಳಾದ ಪೋಸ್ಟ್‌ಸ್ಕ್ರಿಪ್ಟ್ ಅದಕ್ಕೆ ತಿಳಿಯದು, ಪಿಸಿಎಲ್ ತಿಳಿಯದು, ಕಂಪನಿಯ ಡ್ರೈವರ್ ಹೇಳಿದರಷ್ಟೇ ಕೇಳುವುದು. ಆ ಡ್ರೈವರ್‌ಗೋ 32-ಬಿಟ್ ಲೈಬ್ರರಿಗಳು ಬೇಕು, ಹಿನ್ನೆಲೆಯಲ್ಲಿ ಡೀಮನ್ ಅಂತ ಒಂದು ಪ್ರೋಗ್ರಾಮು ಓಡುತ್ತಿರಬೇಕು. ಬೆಳಿಗ್ಗೆ ಅದು ಏಳದಿದ್ದರೆ ಬಾಂಡ್ ಪೇಪರ್ ಹಿಡಿದು ನಿಂತವರು ಪಕ್ಕದ ಅಂಗಡಿಗೆ ನಡೆದರು.

ಕನ್ನಡ ಟೈಪಿಸುವ ತಂತ್ರಾಂಶ ನುಡಿಯದು ಇನ್ನೂ ದೊಡ್ಡ ರಾಮಾಯಣ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಸಂಕೇತ ಯೂನಿಕೋಡ್ ಆದರೆ ತೊಂದರೆಯೇ ಇಲ್ಲ. ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸ್, ಕನ್ನಡ ಕಗಪ. ಸೂಪರ್ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲು, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಬೆರಳಿಗೆ ಹೊಸದೇನೂ ಇಲ್ಲ. ಆದರೆ ಅಂಗಡಿಯಲ್ಲಿರುವ ವರ್ಷಗಟ್ಟಲೆಯ ಕ್ರಯಪತ್ರ, ಕರಾರುಪತ್ರಗಳ ಮಾದರಿಗಳೆಲ್ಲ ಹಳೇ ನುಡಿಯ ಆಸ್ಕಿ ಫಾಂಟಿನಲ್ಲಿವೆ. ಫಾಂಟ್ ಕಡತಗಳನ್ನು ತಂದು ಹಾಕಿದರೆ ಲಿಬ್ರೆಆಫೀಸಿನಲ್ಲಿ ಓದಬಹುದು, ತಿದ್ದುವಂತಿಲ್ಲ, ಆ ಫಾಂಟಿಗೆ ಟೈಪಿಸುವ ತಂತ್ರಾಂಶ ಇರುವುದು ವಿಂಡೋಸ್‌ಗೆ. ಯೂನಿಕೋಡ್‌ಗೆ ಪರಿವರ್ತಿಸಿದರಾಯಿತು ಅನ್ನುತ್ತೀರಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟು ಅದು. ಬರೀ ಪಠ್ಯವನ್ನು ಕೊಟ್ಟರೆ ಪರಿವರ್ತಕಕ್ಕೆ ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಅಂತ ಗೊತ್ತಾಗುವ ದಾರಿಯೇ ಇಲ್ಲ. ಪತ್ರದ ನಡುವೆ ಇರುವ ಪ್ಯಾನ್ ನಂಬರು, ಇಮೇಲ್ ವಿಳಾಸ ಎಲ್ಲ ಅರ್ಥವಿಲ್ಲದ ಕನ್ನಡವಾಗಿ ಹೊರಬೀಳುತ್ತವೆ. ಒಂದೊಂದು ಸಾಲನ್ನೂ ಕೂತು ನೋಡಬೇಕು. ಕ್ರಯಪತ್ರದಲ್ಲಿ ಒಂದು ಅಕ್ಷರ ತಪ್ಪಿದರೆ ಅಂಗಡಿಯವರ ತಲೆಗೆ ಬರುತ್ತದೆ, ಕ್ವೊಕ್ಕಾ ಬರುವುದಿಲ್ಲ ಸಾಕ್ಷಿ ಹೇಳಲು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಮೂವತ್ತು ವರ್ಷ ದಾಟಿತು. ಇವತ್ತಿಗೂ ಪ್ರೆಸ್ಸಿನವರು "ನುಡಿಯಲ್ಲೇ ಕಳಿಸಿ" ಅನ್ನುತ್ತಾರೆ, ಅವರು ಪುಟ ಕಟ್ಟುವ ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ನಾಚಿಕೆಯಾಗಬೇಕು ಅನ್ನುವುದಕ್ಕೂ ಸುಸ್ತು. ಇಷ್ಟು ಜನ ಬುದ್ಧಿವಂತರು, ರಾತ್ರಿಯಿಡೀ ಕೂತು ಡೆಸ್ಕ್‌ಟಾಪಿನ ಐಕಾನ್ ಬಣ್ಣ ಬದಲಿಸುವವರು, ಆ ಪರಿವರ್ತನೆಯನ್ನು ಕೂತು ಮಾಡಿಕೊಟ್ಟಿದ್ದರೆ, ಪ್ರಿಂಟರ್ ಡ್ರೈವರನ್ನು ಒಮ್ಮೆ ಸರಿಯಾಗಿ ಹಾಕಿ ಅಂಗಡಿಯಲ್ಲಿ ಒಂದು ವಾರ ನಿಂತಿದ್ದರೆ, ಆ ಅಕ್ಟೋಬರಿನಲ್ಲಿ ಜಿಲ್ಲೆಯ ಅರ್ಧ ಟೈಪಿಂಗ್ ಅಂಗಡಿ ಲಿನಕ್ಸಿಗೆ ಬರುತ್ತಿತ್ತು. ಬರಲಿಲ್ಲ. ಅವರು ಬೆಂಬಲ ನಿಂತ ವಿಂಡೋಸ್ 10ರಲ್ಲೇ, ಆಂಟಿವೈರಸ್ಸೂ ಇಲ್ಲದೆ, ಜನರ ಆಧಾರ್ ಪ್ರತಿಗಳನ್ನು ಡೆಸ್ಕ್‌ಟಾಪಿನ ಮೇಲೆ ಹರಡಿಕೊಂಡು ಕೂತಿದ್ದಾರೆ.

ಭಕ್ತರು ಈಗ 26.04ರ ಧ್ಯಾನದಲ್ಲಿದ್ದಾರೆ. ರೆಸಲ್ಯೂಟ್ ರಕೂನ್ ಅಂತೆ.