ಡಬ್ಬಿ ಬರುವ ಮುಂಚೆ ಗೋಡೆ ರೆಡಿಯಾಗಲಿ

ಪುಣೆಯಲ್ಲಿ ನನ್ನದು ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಕೆಲಸ. ಅಲ್ಲಿ ರೌಟರ್ ಬಾಕ್ಸ್ ಬಿಚ್ಚುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಉಪಕರಣ ಕೂರಿಸುವ 19 ಇಂಚಿನ ರ್‍ಯಾಕ್ ನಿಂತಿರುತ್ತದೆ, ಹಿಂದೆ ಮುಂದೆ ಗಾಳಿಯಾಡಲು ಜಾಗ ಇರುತ್ತದೆ, ಯುಪಿಎಸ್ ಲೈನ್ ಬಂದಿರುತ್ತದೆ, ಪ್ರತಿ ಕೇಬಲ್ಲಿನ ಎರಡೂ ತುದಿಗೆ ಚೀಟಿ ಅಂಟಿರುತ್ತದೆ. ಮೂಡಿಗೆರೆ ಕಡೆ ನಮ್ಮೂರಿಗೆ ಬಂದರೆ ಎಲ್ಲ ಉಲ್ಟಾ. ಮೊದಲು ರೌಟರ್ ಬರುತ್ತದೆ, ಆಮೇಲೆ ಪ್ಲಗ್ ಪಾಯಿಂಟ್ ಹುಡುಕಾಟ. ಟಿವಿ ಹಿಂದೆ ಒಂದು ಸಿಕ್ಕಿದರೆ ಮುಗೀತು, ರೌಟರ್ ಅಲ್ಲೇ.

ಭಾವನ ಹೋಂಸ್ಟೇಯಲ್ಲಿ ಮನೆಯಿಂದ ಕಾಟೇಜಿಗೆ ಲ್ಯಾನ್ ಕೇಬಲ್ ಎಳೆದಿದ್ದರು. ತೋಟದ ಸಿಲ್ವರ್ ಓಕ್ ಮರದಿಂದ ಮರಕ್ಕೆ, ಮೆಣಸಿನ ಬಳ್ಳಿ ಜೊತೆಗೇ ಬೈಂಡಿಂಗ್ ವೈರ್ ಸುತ್ತಿ. ಇಂಥ ತಾಮ್ರದ ಕೇಬಲ್ಲಿಗೆ ತುದಿಯಿಂದ ತುದಿಗೆ 100 ಮೀಟರ್ ಮಿತಿ. ರೌಟರ್ ಪಕ್ಕದ ಸಣ್ಣ ತುಂಡೂ ಅದೇ ಲೆಕ್ಕಕ್ಕೆ ಬರುತ್ತದೆ. ಆದರೆ ನನಗೆ ದೂರಕ್ಕಿಂತ ಸಿಡಿಲಿನ ಭಯ ಜಾಸ್ತಿ. ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ನಮ್ಮ ಕಡೆ ಸಿಡಿಲು ಹೇಗಿರುತ್ತದೆ ಗೊತ್ತಲ್ವಾ?

"ಗುಡುಗು ಶುರುವಾದ್ರೆ ಪ್ಲಗ್ ಕಿತ್ತಿಡ್ತೀವಿ ಬಿಡೋ ಮಾರಾಯ" ಅಂದರು ಭಾವ. ಪ್ಲಗ್ ಕಿತ್ತರೂ ಹೊರಗೆ ತೂಗುವ ತಾಮ್ರ ರೌಟರಿಗೆ ಸಿಕ್ಕಿಕೊಂಡೇ ಇರುತ್ತದಲ್ಲ! ಸಿಡಿಲು ಅದರ ಮೇಲೇ ಬೀಳಬೇಕೆಂದಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಅಷ್ಟುದ್ದದ ತಂತಿಯಲ್ಲಿ ವೋಲ್ಟೇಜ್ ಏರಿ ರೌಟರಿನಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್ ಸುಟ್ಟುಹೋಗಬಹುದು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕುವುದೇ ಸರಿ. ಅದರ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಅದರ ಜೊತೆ ಆಸರೆಗೆ ಬರುವ ಉಕ್ಕಿನ ತಂತಿಯನ್ನು ಮಾತ್ರ ಹೊರಗಿನ ಹುಕ್ಕಿಗೇ ಕಟ್ಟಿ ನಿಲ್ಲಿಸಬೇಕು, ಮನೆಯೊಳಗೆ ತರಬಾರದು.

ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿಯ ಕಥೆಯೂ ಹಾಗೇ. ಸಾಕೆಟ್ಟಿಗೆ ಮೂರು ತೂತಿದೆ ಅಂದಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಹಳೇ ಮನೆಗಳಲ್ಲಿ ಮೇಲಿನ ದಪ್ಪ ತೂತಿನ ಹಿಂದೆ ಎಷ್ಟೋ ಸಲ ತಂತಿಯೇ ಇರುವುದಿಲ್ಲ.

ಹಾಗಂತ ಪುಣೆಯವರೇ ಬುದ್ಧಿವಂತರು ಅನ್ನಲಾರೆ. ಸೈಟಿಗೆ ಕಾಲಿಡದೆ ಎಲ್ಲ ಸರಿಯಿದೆ ಅಂತ ಟಿಕ್ ಹಾಕಿದ ಫಾರಂಗಳನ್ನು ಅಲ್ಲಿ ಬೇಕಾದಷ್ಟು ನೋಡಿದ್ದೇನೆ. ಇಲ್ಲಿನ ವೈರ್‌ಮನ್ ಹುಡುಗ ಗೋಡೆ ಕೊರೆಯುವಾಗ ಯಾರೂ ಹೇಳದಿದ್ದರೂ ಡ್ರಿಲ್ ಓರೆ ಹಿಡಿದ. ತೂತು ಹೊರಗಡೆಗೆ ಇಳಿಜಾರಾಯಿತು. ಕೇಬಲ್ಲನ್ನು ತೂತಿಗಿಂತ ಕೆಳಗೆ ಸ್ವಲ್ಪ ಜೋಲು ಬಿಟ್ಟು ಆಮೇಲೆ ಮೇಲಕ್ಕೆ ತಂದು ಒಳಗೆ ತೂರಿಸಿದ. ಮಳೆನೀರು ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮಲೆನಾಡಿನ ಮಳೆ ನೋಡಿದವನಿಗೆ ಇದನ್ನೆಲ್ಲ ಕಲಿಸಬೇಕಾಗಿಲ್ಲ. ಅವನಿಗೆ ನಾನು ಒಪ್ಪಿಸಲಾಗದೆ ಸೋತದ್ದು ಚೀಟಿ ಅಂಟಿಸುವ ವಿಷಯದಲ್ಲಿ. "ನಂಗೆಲ್ಲಾ ನೆನಪಿರುತ್ತೆ ಸಾರ್" ಅಂತಾನೆ. ಅವನಿಗೇನೋ ಇರುತ್ತದೆ. ಅವನು ಯಾವುದೋ ಮದುವೆಗೆ ಹೋದ ದಿನ ನೆಟ್ ಹೋದರೆ?

ಭಾವನಿಗೆ ಈಗ ಇನ್ನೊಂದು ಕಾಟೇಜ್ ಕಟ್ಟುವ ಯೋಚನೆ. ಗಾರೆ ಹಾಕುವ ಮುಂಚೆ ನೆಟ್ ಕೇಬಲ್ಲಿಗೆ ಬೇರೆ ಪೈಪ್ ಇಡಿಸಿ, ಕರೆಂಟ್ ಪೈಪಿನಿಂದ ದೂರ ಇರಲಿ, ಎಳೆಯಲು ಒಳಗೊಂದು ದಾರ ಬಿಟ್ಟಿರಿ ಅಂದಿದ್ದೇನೆ. ಅವರು ಆಗಲೇ ಯಾವ ಕಂಪನಿ ರೌಟರ್ ತರೋದು ಅಂತ ಕೇಳುತ್ತಿದ್ದಾರೆ.