ಮಾವನ ಪಂಚೆಯೂ ಅರೆಪಾರಕ ಪೊರೆಯೂ

ನಮ್ಮ ಮಾವನವರು ಈಗ ಮದುವೆ ಮುಂಜಿಗೆ ಕಚ್ಚೆ ಹಾಕಿಕೊಂಡೇ ಹೋಗುತ್ತಾರೆ. ನೋಡಿದವರು ‘ಈ ಕಾಲದಲ್ಲೂ ಎಂಥ ಸಂಪ್ರದಾಯ’ ಅಂತ ಮೆಚ್ಚಿಕೊಳ್ಳುತ್ತಾರೆ. ಪಂಚೆಯ ಮೂಲೆಯಲ್ಲಿ ಅಂಗೈ ಅಗಲದ ತುಂಡು ಇಲ್ಲ, ಕಚ್ಚೆ ಕಟ್ಟಿದರೆ ಅದು ಒಳಗೆ ಮಡಚಿಹೋಗುತ್ತದೆ ಅನ್ನುವ ವಿಷಯ ಗೊತ್ತಿರುವುದು ಮನೆಯವರಿಗೆ ಮಾತ್ರ. ಕತ್ತರಿಸಿದವಳು ನಾನು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಒಂಬತ್ತನೇ ಕ್ಲಾಸಿಗೆ ಜೀವಕೋಶದ ಪಾಠ. ಕೋಶಪೊರೆ ಕೆಲವನ್ನು ಒಳಗೆ ಬಿಡುತ್ತದೆ, ಕೆಲವನ್ನು ಬಿಡುವುದಿಲ್ಲ, ಅಂದರೆ ಅರೆಪಾರಕ ಅಂತ ಹದಿನಾಲ್ಕು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಾ ಬಂದಿದ್ದೇನೆ. ಈ ಸಲ ಮಾಡಿಯೇ ತೋರಿಸಬೇಕು ಅಂತ ಹಟ ಹುಟ್ಟಿತು. ಉಪಾಯ ಸರಳ. ಪೊರೆಯಂಥದ್ದೊಂದು ಚೀಲದಲ್ಲಿ ಅನ್ನದ ಗಂಜಿ ಕಟ್ಟಿ, ಅಯೋಡಿನ್ ಬೆರೆಸಿದ ನೀರಿನಲ್ಲಿ ಮುಳುಗಿಸುವುದು. ಅಯೋಡಿನ್ ಸಣ್ಣದು, ಒಳಗೆ ನುಗ್ಗಿ ಗಂಜಿಯನ್ನು ನೀಲಿ ಮಾಡಬೇಕು. ಗಂಜಿಯ ಪಿಷ್ಟದ ಅಣು ಭಾರಿ ಗಾತ್ರದ್ದು, ಹೊರಗೆ ಬರಬಾರದು. ಹೊರಗಿನ ನೀರು ಡಿಕಾಕ್ಷನ್ ಬಣ್ಣದಲ್ಲೇ ಉಳಿಯಬೇಕು. ಇದಕ್ಕೆಂದೇ ಡಯಾಲಿಸಿಸ್ ಟ್ಯೂಬ್ ಸಿಗುತ್ತದೆ ಅಂದೆ. ಹೆಡ್‌ಮಾಸ್ಟರು ಕನ್ನಡಕದ ಮೇಲಿನಿಂದ ನೋಡಿ, “ಚಾಕ್‌ಪೀಸ್‌ಗೇ ದುಡ್ಡಿಲ್ಲಮ್ಮ, ಮನೆಯಲ್ಲೇ ಏನಾದ್ರೂ ನೋಡಿ” ಅಂದರು.

ನೋಡಿದೆ. ಮೊದಲು ಹಾಲಿನ ಕವರು. ಎರಡು ಗಂಟೆ ಕಾದರೂ ಗಂಜಿ ಬೆಳ್ಳಗೆ ಕೂತಿತ್ತು. ಮಗಳ ಹುಟ್ಟುಹಬ್ಬದಲ್ಲಿ ಉಳಿದ ಬಲೂನು ತಾನೇ ಕಂದುಬಣ್ಣಕ್ಕೆ ತಿರುಗಿತೇ ಹೊರತು ಒಳಗೆ ಒಂದು ತೊಟ್ಟನ್ನೂ ಬಿಡಲಿಲ್ಲ. ಕಾಫಿ ಸೋಸುವ ಬಟ್ಟೆಯದು ಇನ್ನೊಂದು ಅತಿ. ಮುಳುಗಿಸಿದ ಕೂಡಲೇ ಒಳಗಿನದೂ ಹೊರಗಿನದೂ ಒಂದಾಗಿ ಪಾತ್ರೆ ತುಂಬ ಶಾಯಿ. ನಮ್ಮ ಮನೆಯಲ್ಲಿ ಏನನ್ನೂ ಬಿಡದ ವಸ್ತುಗಳಿವೆ, ಎಲ್ಲವನ್ನೂ ಬಿಡುವ ವಸ್ತುಗಳಿವೆ, ನಡುವಿನದು ಒಂದೂ ಇಲ್ಲ.

ಬಟ್ಟೆಯ ನೇಯ್ಗೆ ಇನ್ನೂ ಒತ್ತಾಗಿರಬೇಕು ಅಂತ ಹುಡುಕುವಾಗ ಇಸ್ತ್ರಿ ಬಟ್ಟೆಯ ಪಕ್ಕ ಈ ಪಂಚೆ ಸಿಕ್ಕಿತು. ಹಳೆಯದು ಅಂದುಕೊಂಡೆ. ಮೂಲೆ ಕತ್ತರಿಸಿ, ಗಂಜಿ ತುಂಬಿ, ದಾರ ಬಿಗಿದು ಇಳಿಬಿಟ್ಟೆ. ಅರೆಕ್ಷಣದಲ್ಲಿ ಪಂಚೆಯ ತುಂಡೇ ಕಡುನೀಲಿ! ಗಂಜಿ ಹೊರಗೆ ಬಂತೋ, ಅಯೋಡಿನ್ ಒಳಗೆ ಹೋಯಿತೋ ಹೇಳುವವರಾರು? ಇನ್ನೊಂದು ಚೂರು ಕತ್ತರಿಸಿ, ಏನೂ ತುಂಬದೆ ಬರೇ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟೆ. ಅದೂ ನೀಲಿ. ಆಗ ಹೊಳೆಯಿತು: ಮಾವನವರ ಪಂಚೆಗೆ ಅತ್ತೆ ಗಂಜಿ ಹಾಕಿ ಒಣಗಿಸುತ್ತಾರೆ. ಗಂಜಿಯನ್ನು ಹಿಡಿದಿಡಲು ಗಂಜಿಯದೇ ಚೀಲ ಹೊಲಿದಿದ್ದೆ. ಹಳೇ ಪಂಚೆಗೆ ಯಾರೂ ಗಂಜಿ ಹಾಕುವುದಿಲ್ಲ ಅನ್ನುವುದು ಹೊಳೆದದ್ದು ಆಮೇಲೆ.

ಮುಂದಿನ ಸರದಿ ಮೊಟ್ಟೆಯದು. ಮೊಟ್ಟೆಯನ್ನು ವಿನಿಗರ್‌ನಲ್ಲಿಟ್ಟರೆ ಒಂದೆರಡು ದಿನಕ್ಕೆ ಸುಣ್ಣದ ಚಿಪ್ಪು ಕರಗಿ ಒಳಗಿನ ಪೊರೆ ಉಳಿಯುತ್ತದೆ. ಅದು ಅಸಲಿ ಅರೆಪಾರಕ. ನೀರಿನಲ್ಲಿಟ್ಟರೆ ಊದುತ್ತದೆ, ಸಕ್ಕರೆ ಪಾಕದಲ್ಲಿಟ್ಟರೆ ಸೊರಗುತ್ತದೆ. ಆದರೆ ನಮ್ಮದು ಕೇಕಿನಲ್ಲೂ ಮೊಟ್ಟೆ ಇದೆಯಾ ಅಂತ ಕೇಳಿ ತಿನ್ನುವ ಮನೆ. ಖಾಲಿ ಉಪ್ಪಿನಕಾಯಿ ಬಾಟಲಿಗೆ ವಿನಿಗರ್ ಸುರಿದು, ಮೊಟ್ಟೆ ಇಳಿಸಿ, ವಾಸನೆ ಬಾರದಿರಲಿ ಅಂತ ಮುಚ್ಚಳ ಬಿಗಿಯಾಗಿ ಒತ್ತಿ, ವಾಷಿಂಗ್ ಮೆಷಿನ್ನಿನ ಹಿಂದೆ ಬಚ್ಚಿಟ್ಟೆ. ಚಿಪ್ಪು ಕರಗುವಾಗ ಇಂಗಾಲದ ಡೈಆಕ್ಸೈಡ್ ಏಳುತ್ತದೆ ಅಂತ ಮಕ್ಕಳಿಗೆ ಹೇಳಿಕೊಡುವವಳು ನಾನೇ. ರಾತ್ರಿ ಹನ್ನೊಂದಕ್ಕೆ ‘ಟಪ್’ ಅಂತ ಮುಚ್ಚಳ ಹಾರಿತು. ಅತ್ತೆ ಬೆಕ್ಕಿಗೆ ಬೈದು ಮಲಗಿದರು.

ಮರುದಿನ ಮಧ್ಯಾಹ್ನ ಬಟ್ಟೆ ಒಗೆಯಲು ಹೋದ ಅತ್ತೆಗೆ ಬಾಟಲಿ ಕಂಡಿದೆ. ಹುಳಿ ವಾಸನೆ, ಒಳಗೆ ದುಂಡನೆಯ ಬಿಳಿಚಿಕೊಂಡ ಕಾಯಿ. “ಇದೇನೇ, ನಿಂಬೆಕಾಯಿ ಇಷ್ಟು ದಪ್ಪ ಊದಿದೆ?” ಅನ್ನುತ್ತಾ ಹದ ನೋಡಲು ಹೊರತೆಗೆದು ಒತ್ತಿದರು. ನಾನು ಓಡಿ ಬರುವಷ್ಟರಲ್ಲಿ ಅದು ಅವರ ಬೆರಳ ಸಂದಿಯಿಂದ ಇಳಿಯುತ್ತಿತ್ತು. ಅತ್ತೆ ಕೂಗಲಿಲ್ಲ, ಬೈಯಲೂ ಇಲ್ಲ. ಕೈಯನ್ನು ಮೈಯಿಂದ ಮೊಳದಷ್ಟು ದೂರ ಹಿಡಿದು ಸೀದಾ ಬಚ್ಚಲಿಗೆ ನಡೆದರು. ತಲೆಗೇ ನೀರು ಹಾಕಿಕೊಂಡು ಬಂದರು. ಅವತ್ತು ಅಡುಗೆಮನೆಗೆ ನನಗೆ ಪ್ರವೇಶವಿರಲಿಲ್ಲ.

1748ರಲ್ಲಿ ನೊಲೆ ಎಂಬ ಫ್ರೆಂಚ್ ಪಾದ್ರಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶ ಕಟ್ಟಿ ನೀರಿನಲ್ಲಿ ಮುಳುಗಿಸಿದ. ನೀರು ಒಳಗೆ ನುಗ್ಗಿ ಅದು ಉಬ್ಬಿತು. ಪೊರೆಯ ಮೂಲಕ ನೀರು ಹೀಗೆ ದಾಟುವ ಅಭಿಸರಣೆ ಕಣ್ಣಿಗೆ ಬಿದ್ದದ್ದು ಹಾಗೆ. ಇಷ್ಟು ಓದಿದ ಧೈರ್ಯದಲ್ಲಿ ಮಟನ್ ಅಂಗಡಿಯ ಮುಂದೆ ನಿಂತೆ. ಅಂಗಡಿಯವರ ಮಗ ನಮ್ಮ ಶಾಲೆಯವನೇ. ಮೂತ್ರಕೋಶ ಅಂತ ಬಾಯಿಬಿಡಲು ನಾನು ತಡವರಿಸುವಷ್ಟರಲ್ಲಿ ಅವರು ಬೀದಿಗೆಲ್ಲ ಕೇಳುವಂತೆ, “ಲೇ, ನಮ್ಮ ಮಿಸ್‌ಗೆ ಬೋಟಿ ಚೆನ್ನಾಗಿ ತೊಳೆದು ಕೊಡೋ!” ಅಂದರು. ಎದುರಿನ ದೇವಸ್ಥಾನದ ಅರ್ಚಕರು ತಿರುಗಿ ನೋಡಿದರು. ನೊಲೆಗೆ ಈ ತೊಂದರೆ ಇರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಹೂವಿನವಳು. ಎರಡು ಮೊಳ ಮಲ್ಲಿಗೆಯನ್ನು ಹಾಕಿಕೊಟ್ಟಳಲ್ಲ, ಆ ಕವರು! ಊದಿದರೆ ಹಾರುವಂಥದ್ದು. 2022ರ ಕೊನೆಯಿಂದ 120 ಮೈಕ್ರಾನಿಗಿಂತ ತೆಳುವಾದ ಕೈಚೀಲ ದೇಶದಲ್ಲೆಲ್ಲ ನಿಷಿದ್ಧ. ಮಕ್ಕಳಿಗೆ ಪ್ಲಾಸ್ಟಿಕ್ ವಿರೋಧಿ ಪ್ರತಿಜ್ಞೆ ಬೋಧಿಸಿದವಳೂ ನಾನೇ. “ಇನ್ನೊಂದು ನಾಲ್ಕು ಕೊಡ್ತೀಯಾ?” ಅಂದೆ. ಆಕೆ ಆಚೀಚೆ ನೋಡಿ, ಬುಟ್ಟಿಯ ಕೆಳಗಿನ ಗೋಣಿಚೀಲ ಎತ್ತಿ, ಕಳ್ಳಮಾಲಿನಂತೆ ತೆಗೆದುಕೊಟ್ಟಳು. ನಾನೂ ಹಾಗೆಯೇ ಬ್ಯಾಗಿಗೆ ತುರುಕಿಕೊಂಡೆ.

ಸೋಮವಾರ ಮೂರನೇ ಪೀರಿಯಡ್. ಇಪ್ಪತ್ತು ನಿಮಿಷಕ್ಕೆ ಚೀಲದ ಅಂಚಿನ ಗಂಜಿ ಮಸುಕು ನೀಲಿಗೆ ತಿರುಗಿತು, ಬೆಲ್ ಹೊಡೆಯುವ ಹೊತ್ತಿಗೆ ಕಡುನೀಲಿ. ಹೊರಗಿನ ನೀರು ಡಿಕಾಕ್ಷನ್ನೇ. ನಿಜ ಹೇಳಬೇಕೆಂದರೆ ಇದು ಜೀವಕೋಶದ ತದ್ರೂಪಲ್ಲ. ಅಯೋಡಿನ್ ಪ್ಲಾಸ್ಟಿಕ್ಕಿನಲ್ಲೇ ಕರಗಿ ಆಚೆಗೆ ದಾಟುತ್ತದೆ, ನೀರು ಹೆಚ್ಚುಕಡಿಮೆ ದಾಟುವುದೇ ಇಲ್ಲ. ಕೋಶಪೊರೆಯ ದಪ್ಪ 10 ನ್ಯಾನೋಮೀಟರಿನ ಒಳಗೆ. ಅದರ ಮುಂದೆ ಈ ಹೂವಿನ ಕವರು ಕೋಟೆಗೋಡೆ. ಇದನ್ನೆಲ್ಲ ಹೇಳಿದೆ. ಮಕ್ಕಳು ಚಪ್ಪಾಳೆಯನ್ನೂ ತಟ್ಟಿದರು. ನನಗೆ ಅತ್ತೆಯೂ ಮಾವನೂ ಬಂದು ನೋಡಬೇಕಿತ್ತು ಅನ್ನಿಸಿತು.

ಆಗ ಹಿಂದಿನ ಬೆಂಚಿನವನೊಬ್ಬ ಎದ್ದ. ಪರೀಕ್ಷೆಯಲ್ಲಿ ಎರಡಂಕಿ ಮುಟ್ಟದ ಹುಡುಗ.

“ಮಿಸ್, ಹೊರಗಿಂದು ಕವರ್ ದಾಟಿ ಒಳಗೆ ಬರುತ್ತೆ ಅಂದ್ರೆ, ಹೋಟ್ಲಲ್ಲಿ ಬಿಸಿ ಸಾಂಬಾರು ಕಟ್ಟಿ ಕೊಡ್ತಾರಲ್ಲ, ಅದ್ರೊಳಗೆ ಕವರಿಂದು ಏನೇನು ಬರುತ್ತೆ?”

“ಒಳ್ಳೇ ಪ್ರಶ್ನೆ, ನಾಳೆ ಚರ್ಚಿಸೋಣ” ಅಂದೆ. ಉತ್ತರ ಬಾಯಿಗೆ ಬಾರದಾಗ ನಾವು ಟೀಚರುಗಳು ಹೇಳುವುದು ಅದನ್ನೇ.

ಸಂಜೆ ಮನೆಗೆ ಬಂದರೆ, ಪಾಪ ದಣಿದಿರುತ್ತಾಳೆ ಅಂತ ಇವರು ಬಸ್‌ಸ್ಟ್ಯಾಂಡಿನ ಹತ್ತಿರದಿಂದ ಇಡ್ಲಿ ತಂದಿದ್ದರು. ಸಾಂಬಾರು ಕವರಿನಲ್ಲಿ, ಬಾಯಿಗೆ ದಾರ ಸುತ್ತಿ. ಹೊಗೆಯಾಡುತ್ತಿತ್ತು. ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಅದೇ ಹೂವಿನ ಕವರು.

“ಏನ್ ನೋಡ್ತಿದ್ದೀಯೇ?” ಅಂದರು ಅತ್ತೆ, ಒಂದು ಹೆಜ್ಜೆ ಹಿಂದೆ ಸರಿದು. “ಅದರಲ್ಲೂ ಮೊಟ್ಟೆ ಇಟ್ಟಿದ್ದೀಯಾ?”